ವಫ್ರಾದ ಕೆಂಪು ಹಸು, ಬೂದು ಹಸು

ಕುವೈತಿಗೆ ಬಂದ ಮೇಲೆ ಕೆಲವು ವರ್ಷ ನಾನು ಬೆಕ್ಕುಗಳ ಡಾಕ್ಟರಾಗಿದ್ದೆ. ಹಾಸನದ ಕಡೆಯ ಹಳ್ಳಿಗಳಲ್ಲಿ ಹಸುಗಳಿಗೆ ಹೆರಿಗೆ ಮಾಡಿಸಿ ಪಳಗಿದ ಕೈ, ಸಾಲ್ಮಿಯಾದ ಒಂದು ಕ್ಲಿನಿಕ್ಕಿನ ಏಸಿ ಕೋಣೆಯಲ್ಲಿ ಉದ್ದ ಕೂದಲಿನ ಬೆಕ್ಕುಗಳ ಉಗುರು ಕತ್ತರಿಸುತ್ತಿತ್ತು. ಒಂದು ದಿನ ಮಗಳ ಬೆಕ್ಕನ್ನು ತಂದಿದ್ದ ಕುವೈತಿ ಹಿರಿಯರೊಬ್ಬರು, ನಾನು ಬೆಕ್ಕನ್ನು ಹಿಡಿದ ರೀತಿ ನೋಡಿ, "ನಿಮಗೆ ದೊಡ್ಡ ಪ್ರಾಣಿ ಗೊತ್ತಲ್ಲವೇ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಹಸು ಎಂಬ ಪದ ಅವರ ಬಾಯಿಂದ ಬರುವ ಮೊದಲೇ ನಾನು ಹೂಂ ಅಂದಿದ್ದೆ.

ಅವರಿಗೆ ಕುವೈತಿನ ದಕ್ಷಿಣದ ಅಂಚಿನ ವಫ್ರಾದಲ್ಲಿ ತೋಟವಿತ್ತು. ಹಸಿರುಮನೆಗಳ ಸಾಲು ಮುಗಿದ ಮೇಲೆ, ಹಿಂದುಗಡೆ, ತಂತಿ ಬೇಲಿ ಹಾಕಿದ ದೊಡ್ಡ ಬಯಲು. ಮಳೆ ಬಿದ್ದ ವರ್ಷ ಚಳಿಗಾಲದಲ್ಲಿ ಅದು ಹಸಿರಾಗುತ್ತದೆ, ಅರ್ಫಜ್ ಎಂಬ ಕುರುಚಲು ಗಿಡ ಹಳದಿ ಹೂ ಬಿಡುತ್ತದೆ. ಅಲ್ಲಿಯವರು ಅಂಥ ಬಯಲಿನಲ್ಲಿ ಒಂಟೆ, ಕುರಿ ಮೇಯಿಸುತ್ತಾರೆ. ಹಸು ಎಂದರೆ ಅವರಿಗೆ ಫ್ಯಾನಿನ ಕೆಳಗೆ ನಿಂತು ಹಾಲು ಕೊಡುವ ಪ್ರಾಣಿ. ಈ ಹಿರಿಯರು ಮಾತ್ರ ಮಾಂಸಕ್ಕಾಗಿ ಹಸು ಸಾಕಿ, ಬಯಲಿನಲ್ಲೇ ಮೇಯಿಸಿ ತೋರಿಸುತ್ತೇನೆ ಎಂದು ಗೆಳೆಯರ ಮುಂದೆ ಪಂತ ಕಟ್ಟಿ ಎರಡು ಬಗೆಯ ಮಿಶ್ರತಳಿ ಕಡಸುಗಳನ್ನು ಹಡಗಿನಲ್ಲಿ ತರಿಸಿದ್ದರು. ಒಂದು ಗುಂಪು ಯುರೋಪಿನ ತಳಿಗಳ ಬೆರಕೆ: ಕೆಂಪು ಮೈ, ಅಗಲ ಬೆನ್ನು, ದೊಡ್ಡ ಕೆಚ್ಚಲು. ಇನ್ನೊಂದು ಗುಂಪಿನಲ್ಲಿ ಅರ್ಧ ರಕ್ತ ನಮ್ಮ ಕಡೆಯ ತಳಿಗಳದು: ಬೂದು ಬಣ್ಣ, ಭುಜದ ಮೇಲೆ ಸಣ್ಣ ಡುಬ್ಬ, ಜೋಲು ಕಿವಿ. ಎರಡಕ್ಕೂ ಗೂಳಿ ಒಂದೇ. ಯಾವ ಹಸು ವರ್ಷಕ್ಕೊಂದು ಕರು ಹಾಕುತ್ತದೆ, ಆ ಕರು ಹಾಲು ಬಿಡುವ ಹೊತ್ತಿಗೆ ಎಷ್ಟು ತೂಗುತ್ತದೆ, ಬೇಸಿಗೆ ದಾಟಿ ತಾಯಿ ಮತ್ತೆ ಗಬ್ಬ ಕಟ್ಟುತ್ತದೆಯೇ ಎಂಬುದನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡಿ ಒಂದು ಉತ್ತರ ಹೇಳುವುದು ನನ್ನ ಕೆಲಸ. ತೋಟದಲ್ಲಿ ಎಲ್ಲರೂ ಆ ಹಿರಿಯರನ್ನು ಕಫೀಲ್ ಎನ್ನುತ್ತಿದ್ದರು, ಅಂದರೆ ಕೆಲಸಕ್ಕೂ ವೀಸಾಕ್ಕೂ ಹೊಣೆಯಾದ ಧಣಿ.

ತೋಟದ ಮ್ಯಾನೇಜರ್ ಕೂಡ ಕನ್ನಡ ಮಾತಾಡುವವರು ಎಂದು ಗೊತ್ತಾದಾಗ ನನಗೆ ಖುಷಿಯಾಯಿತು. ಮಂಗಳೂರು ಕಡೆಯ ಕೊಂಕಣಿ ಮಾತಿನ ಕ್ರಿಶ್ಚಿಯನ್ನರು. ವಯಸ್ಸಿನಲ್ಲಿ ನನಗಿಂತ ಬಹಳ ಹಿರಿಯರು, ಕೊಲ್ಲಿಯಲ್ಲೇ ತಲೆ ನರೆತವರು. ಕೆಂಪು ಹಸುಗಳನ್ನು ಆರಿಸಿದ್ದು ಅವರೇ ಎಂದು ಮೊದಲ ದಿನವೇ ಹೇಳಿದರು. ನಾನು ಬೂದು ಹಸುವೊಂದರ ಗಂಗೆದೊಗಲನ್ನು ತುರಿಸುತ್ತಾ ನಿಂತಿದ್ದನ್ನು ನೋಡಿ, "ಊರಿನ ನೆನಪಾಯ್ತಾ ಡಾಕ್ಟ್ರೇ? ಡುಬ್ಬ ಗಿಬ್ಬ ಎಲ್ಲ ಉಂಟಲ್ಲ ಅದಕ್ಕೆ" ಎಂದರು. ತಮಾಷೆಗೆ ಹೇಳಿದ್ದೆಂದುಕೊಂಡೆ. ಅದು ತಮಾಷೆಯಲ್ಲ ಎಂದು ತಿಳಿಯಲು ಜನವರಿಯವರೆಗೆ ಕಾಯಬೇಕಾಯಿತು.

ಕರುಗಳು ಹುಟ್ಟಿದ್ದು ಚಳಿ ಶುರುವಾಗುವ ಹೊತ್ತಿಗೆ. ಒಳ್ಳೆಯ ಮಳೆಯಾಗಿತ್ತು. ತಾಯಿ ಕರುಗಳನ್ನೆಲ್ಲ ಒಟ್ಟಿಗೇ ಬಯಲಿಗೆ ಬಿಟ್ಟೆವು. ಒಂದೇ ಮೇವು, ಒಂದೇ ನೀರು, ಹೋಲಿಕೆಗೆ ಇದಕ್ಕಿಂತ ಸರಿಯಾದ ಏರ್ಪಾಡಿಲ್ಲ ಎಂದು ನನ್ನ ಎಣಿಕೆ. ಮೊದಲ ತೂಕದಲ್ಲಿ ಕೆಂಪು ಕರುಗಳು ಮುಂದಿದ್ದವು. ಅದು ಸಹಜ. ಅವುಗಳ ತಾಯಂದಿರಿಗೆ ಹಾಲು ಹೆಚ್ಚು. ಎರಡನೆಯ ತೂಕದಲ್ಲಿ ಬೂದು ಹಸುಗಳ ಕರುಗಳು ಅವುಗಳ ಸಮಕ್ಕೆ ಬಂದವು. ಆಮೇಲಿನ ತೂಕದಲ್ಲಿ ಕೆಲವು ದಾಟಿಯೇ ಹೋದವು. ಮುಷ್ಟಿಯಷ್ಟು ಕೆಚ್ಚಲಿನ ತಾಯಿ, ಮೈಯೆಲ್ಲ ಮಿರಮಿರ ಮಿಂಚುವ ಕರು. ಪಕ್ಕದಲ್ಲೇ ದೊಡ್ಡ ಕೆಚ್ಚಲಿನ ಕೆಂಪು ಹಸು, ಅದರ ಕರು ಮಾತ್ರ ಹೊಟ್ಟೆ ಒಳಸೇರಿ ಮಂಕಾಗಿ ನಿಂತಿದೆ.

ನಾನು ಕೆಂಪು ಹಸುಗಳ ಕೆಚ್ಚಲು ಮುಟ್ಟಿ ನೋಡಿದೆ. ಮಧ್ಯಾಹ್ನಕ್ಕೇ ಖಾಲಿ. ರೋಗವಿಲ್ಲ, ಬಾವಿಲ್ಲ. ಹಾಲು ಇರಬೇಕಾದ ಕಡೆ ಇಲ್ಲ, ಅಷ್ಟೆ. ಯಾರೋ ಹಾಲು ಕರೆದುಕೊಳ್ಳುತ್ತಿದ್ದಾರೆ ಎಂಬ ಅನುಮಾನ ಅಂದೇ ಹತ್ತಿತು.

ಅದೇ ವಾರ ಮ್ಯಾನೇಜರ್ ಕೋಣೆಯ ಹಿಂದುಗಡೆ ಸ್ಟೀಲಿನ ಹಾಲಿನ ಕ್ಯಾನೊಂದು ತೊಳೆದು ಬೋರಲು ಹಾಕಿರುವುದು ಕಣ್ಣಿಗೆ ಬಿತ್ತು. ಅಂಗಡಿಯ ಡಬ್ಬಿ ಹಾಲು ಕುಡಿಯುವ ಮನುಷ್ಯನಿಗೆ ಕ್ಯಾನ್ ಯಾಕೆ? ಕೆಲಸದವರಿಬ್ಬರನ್ನು ಕೇಳಿದೆ. ಹಿಂದಿಯಲ್ಲಿ, ಮೆಲ್ಲಗೆ, ಹೆದರಿಸದ ಹಾಗೆ. ಆದರೂ ಅವರು ಹೆದರಿದರು. "ಮಾಲೂಮ್ ನಹೀ ಮೇಡಂ" ಎಂದು ಒಬ್ಬ. ಇನ್ನೊಬ್ಬ ಬಕೆಟ್ ಎತ್ತಿಕೊಂಡು ಹೋದ. ಗೊತ್ತಿಲ್ಲ ಎನ್ನುವವನು ಕಣ್ಣು ತಪ್ಪಿಸುವುದು ಯಾಕೆ ಎಂದು ನಾನು ಸಾಲ್ಮಿಯಾಕ್ಕೆ ಹಿಂತಿರುಗುವ ಒಂದು ಗಂಟೆಯ ದಾರಿಯುದ್ದಕ್ಕೂ ಯೋಚಿಸಿದೆ.

ಮನೆಯಲ್ಲಿ ಗಂಡನಿಗೆ ಹೇಳಿದರೆ ಅವರು, "ನಿನಗೆ ಅವರ ಮೇಲೆ ಸಿಟ್ಟಿದೆಯಾ, ಅನುಮಾನ ಇದೆಯಾ, ಮೊದ್ಲು ಅದನ್ನ ತೀರ್ಮಾನ ಮಾಡ್ಕೊ" ಎಂದರು. ಎಂಜಿನಿಯರ್ ಬುದ್ಧಿ.

ಸಿಟ್ಟೂ ಇತ್ತು. ಮೂರನೆಯ ತೂಕದ ದಿನ ಮ್ಯಾನೇಜರ್ ನನ್ನ ಹಿಂದೆಯೇ ನಿಂತು, ತೂಕದ ಯಂತ್ರದ ಮೇಲೆ ತಾವೇ ಹತ್ತಿ ಇಳಿದು, ಮತ್ತೆ ಹತ್ತಿ, "ಯಂತ್ರ ಸರಿ ಉಂಟು. ಹಾಗಾದ್ರೆ ತಪ್ಪು ಎಲ್ಲಿ ಆಗುದು?" ಎಂದು ಗಾಳಿಗೆ ಕೇಳಿದ್ದರು.

"ಏನು ಹೇಳ್ತಾ ಇದೀರಾ ಸರ್?"

"ನಾನು ಎಂತದೂ ಹೇಳ್ಲಿಲ್ಲ. ಈ ದನಗಳು ಕೊನೆಗೆ ಎಲ್ಲಿಗೆ ಹೋಗುದು ಅಂತ ನಿಮಗೂ ಗೊತ್ತುಂಟು, ನಂಗೂ ಗೊತ್ತುಂಟು. ನಿಮ್ಮವರಿಗೆ ಅದು ಕಷ್ಟ. ಮಾಂಸ ಇರುದು ಕೆಂಪು ದನದಲ್ಲಿ. ಅದೇ ನಷ್ಟ ಅಂತ ನೀವು ಬರೆದ್ರೆ ಕಫೀಲ್ ಇಡೀ ಕೆಲಸವೇ ಖಲಾಸ್ ಮಾಡ್ತಾರೆ. ಯಾವುದೂ ಕಟುಕನ ಹತ್ರ ಹೋಗುದಿಲ್ಲ. ಅಲ್ವಾ?"

ನನಗೆ ಮೈಯೆಲ್ಲ ಉರಿಯಿತು. ಮನೆಯಲ್ಲಿ ನಾವು ಮಾಂಸ ತಿನ್ನುವವರಲ್ಲ, ನಿಜ. ಈ ಕೆಲಸ ಹಿಡಿಯುವ ಮೊದಲು ನಾನೂ ಗಂಡನೂ ಒಂದಿಡೀ ವಾರ ಮಾತಾಡಿದ್ದೆವು. ಯಾರೋ ಸಾಕುವ, ಯಾರೋ ತಿನ್ನುವ ಹಸು ಬದುಕಿರುವಷ್ಟು ದಿನ ಚೆನ್ನಾಗಿ ಬದುಕಲಿ, ಅದು ನೋಡಿಕೊಳ್ಳುವುದು ನನ್ನ ವಿದ್ಯೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಕನ್ನಡದ ಹೆಂಗಸರ ಕೂಟದಲ್ಲೂ ಇದ್ದುದನ್ನು ಇದ್ದ ಹಾಗೆ ಹೇಳಿದ್ದೆ. ಅಂದು ನಾನು ಒಯ್ದಿದ್ದ ಕೋಸಂಬರಿಯ ಡಬ್ಬಿಯನ್ನು ತುಂಬ ಹೊತ್ತು ಯಾರೂ ಮುಟ್ಟಲಿಲ್ಲ. ಹೆಸರುಬೇಳೆಯಲ್ಲೂ ಏನಾದರೂ ಬೆರೆತಿರಬಹುದು ಎಂಬಂತೆ ನೋಡುತ್ತಿದ್ದರು. ಅತ್ತ ಅವರಿಗೆ ನಾನು ಕಟುಕರ ಕಡೆಯವಳು. ಇತ್ತ ಈ ಮನುಷ್ಯನಿಗೆ ಕಟುಕರಿಂದ ಹಸು ತಪ್ಪಿಸಲು ತೂಕ ತಿದ್ದುವವಳು.

"ಕೆಂಪು ಹಸುಗಳ ಹಾಲು ಎಲ್ಲಿಗೆ ಹೋಗ್ತಿದೆ ಅಂತ ಮೊದ್ಲು ಹೇಳಿ ಸರ್. ಆಮೇಲೆ ನನ್ನ ತೂಕದ ವಿಚಾರ ಮಾತಾಡೋಣ" ಎಂದೆ.

ಅವರು ತಿರುಗಿ ತಮ್ಮ ಕೋಣೆಗೆ ನಡೆದುಬಿಟ್ಟರು. ಅಲ್ಲಿಂದ ಮುಂದೆ ನಾವು ಊಟದ ಹೊತ್ತಿನಲ್ಲೂ ಮಾತಾಡುವುದನ್ನು ಬಿಟ್ಟೆವು. ನನ್ನ ಸಾರು ಅನ್ನದ ಡಬ್ಬಿಗೆ ಅವರು ಕೊಡುತ್ತಿದ್ದ ಮೆಣಸಿನ ಉಪ್ಪಿನಕಾಯಿಯೂ ನಿಂತಿತು.

ಕುವೈತಿನಲ್ಲಿ ವಾರದ ರಜೆ ಶುಕ್ರವಾರ. ಅಂದೇ ಮ್ಯಾನೇಜರ್ ಪೂಜೆಗೆ ಚರ್ಚಿಗೆ ಹೋಗುತ್ತಾರೆ. ಪಿಕಪ್ಪಿನಲ್ಲಿ ಬೆಳಿಗ್ಗೆ ಹೊರಟರೆ ಬರುವುದು ಸಂಜೆ. ಕೆಲಸದವರೂ ಮಧ್ಯಾಹ್ನದ ನಮಾಜಿಗೆ ಹೋಗಿರುತ್ತಾರೆ. ನನಗೂ ಅಂದು ರಜೆ. ಬಯಲನ್ನು ಕೇಳುವವರು ಯಾರೂ ಇಲ್ಲದ ದಿನ ಅದೊಂದೇ. ಚರ್ಚಿಗೆಂದು ಹೊರಟವರು ಅರ್ಧ ದಾರಿಯಿಂದ ತಿರುಗಿ ಬಂದರೂ ಯಾರಿಗೂ ತಿಳಿಯದು. ಹಾಲು ಕರೆಯುವುದನ್ನು ಕಣ್ಣಾರೆ ಹಿಡಿಯುವುದಿದ್ದರೆ ಅಂದೇ ಹಿಡಿಯಬೇಕು ಎಂದು ನಾನು ಲೆಕ್ಕ ಹಾಕಿದೆ. ಫೆಬ್ರವರಿಯ ಒಂದು ಶುಕ್ರವಾರ ಪುಳಿಯೋಗರೆ ಕಟ್ಟಿಕೊಂಡು, ಮಗಳಿಗೆ ಪಿಕ್ನಿಕ್ ಎಂದು ಹೇಳಿ, ಗಂಡನ ಕಾರಿನಲ್ಲಿ ವಫ್ರಾಕ್ಕೆ ಹೊರಟೆ.

"ರಜೆ ದಿನ ಪತ್ತೇದಾರಿ ಕೆಲಸಾನಾ?" ಎಂದರು ಗಂಡ.

"ಅಮ್ಮಾ, ಆರ್ ವಿ ಸ್ಪೈಯಿಂಗ್ ಆನ್ ಕೌಸ್?" ಎಂದಳು ಮಗಳು, ಹಿಂದಿನ ಸೀಟಿನಿಂದ.

"ಹಸುಗಳ ಮೇಲಲ್ಲ, ಸುಮ್ನಿರು" ಎಂದೆ.

ಕಾರನ್ನು ಹಸಿರುಮನೆಗಳ ಮರೆಯಲ್ಲಿ ನಿಲ್ಲಿಸಿ, ಅವರಿಬ್ಬರನ್ನೂ ಅಲ್ಲೇ ಬಿಟ್ಟು, ಬೇಲಿಯ ಪಕ್ಕದಲ್ಲೇ ಬಗ್ಗಿ ನಡೆದೆ. ಬಯಲಿನ ನಡುವೆ, ತೂಕದ ಯಂತ್ರದ ಪಕ್ಕದಲ್ಲಿ, ನೀರಿನ ಹಳೆಯ ಟ್ಯಾಂಕರೊಂದು ನಿಂತಿತ್ತು. ಅದರ ನೆರಳಿಗೆ ಹೋದರೆ ಎಲ್ಲವೂ ಕಾಣುತ್ತದೆ. ಹತ್ತಿರ ಹೋದಂತೆ ಟ್ಯಾಂಕರಿನ ಗಾಲಿಯ ಹಿಂದೆ ಪಾಲಿಶ್ ಹಾಕಿದ ಕರಿ ಬೂಟು ಕಾಣಿಸಿತು. ಆಮೇಲೆ ಇಸ್ತ್ರಿಯ ಪ್ಯಾಂಟು. ಚರ್ಚಿಗೆ ಹೋಗುವ ಬಟ್ಟೆಯಲ್ಲೇ ಮ್ಯಾನೇಜರ್ ಮರಳಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಬೈನಾಕ್ಯುಲರ್ ಹಿಡಿದುಕೊಂಡಿದ್ದರು.

ನನ್ನನ್ನು ನೋಡಿ ಎದ್ದೇ ಬಿಟ್ಟರು. "ನೋಡಿದ್ರಾ! ಬಂದ್ರಲ್ಲ! ನಂಗೆ ಗೊತ್ತಿತ್ತು. ರಜೆ ದಿನ ತೂಕದ ಯಂತ್ರದ ಹತ್ರ ನಿಮ್ಗೆಂತ ಕೆಲಸ?"

"ಪೂಜೆ ಬಿಟ್ಟು ನಿಮಗೇನು ಕೆಲಸ ಸರ್ ಇಲ್ಲಿ? ಕ್ಯಾನ್ ಎಲ್ಲಿ?"

"ಎಂತ ಕ್ಯಾನ್?"

"ಕೋಣೆ ಹಿಂದೆ ಬೋರಲು ಹಾಕ್ತೀರಲ್ಲ, ಆ ಕ್ಯಾನ್."

ಅವರು ಹಣೆ ಚಚ್ಚಿಕೊಂಡರು. "ಅದು ಒಂಟೆ ಹಾಲಿನದ್ದು ಮಾರಾಯ್ರೆ! ಪಕ್ಕದ ತೋಟದ ಸುಡಾನಿ ಕೊಡ್ತಾನೆ. ನಂಗೆ ಶುಗರ್ ಉಂಟು. ಒಂಟೆ ಹಾಲು ಕುಡಿದ್ರೆ ಇಳೀತದೆ ಅಂತ ಯಾರೋ ಹೇಳಿದ್ರು. ನೀವು ಡಾಕ್ಟ್ರು, ನಗ್ತೀರಿ ಅಂತ ಹೇಳ್ಲಿಲ್ಲ."

ನಂಬಬೇಕೋ ಬಿಡಬೇಕೋ ತಿಳಿಯಲಿಲ್ಲ. ಸುಡಾನಿಯನ್ನು ಕೇಳಿ ನೋಡಬೇಕು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಅಷ್ಟರಲ್ಲಿ ಅವರು ನನ್ನ ಭುಜದ ಆಚೆ ನೋಡುತ್ತಾ, "ಶ್... ಅದೆಂತ ಅದು?" ಎಂದರು.

ಕೆಂಪು ಹಸುವೊಂದು ನಿಂತು ಮೆಲುಕು ಹಾಕುತ್ತಿತ್ತು. ಪಕ್ಕದಲ್ಲಿ ಅದರ ಕರು ಬಾಲ ಅಲ್ಲಾಡಿಸುತ್ತ ಹಾಲು ಕುಡಿಯುತ್ತಿತ್ತು. ಹಿಂದುಗಡೆಯಿಂದ ಇನ್ನೊಂದು ಕರು, ಬೂದು ಹಸುವಿನದು, ಸದ್ದಿಲ್ಲದೆ ಬಂದು ಹಿಂಗಾಲುಗಳ ನಡುವೆ ತಲೆ ತೂರಿಸಿ ಹಿಂದಿನ ಮೊಲೆಗೆ ಬಾಯಿ ಹಾಕಿತು. ಹಸು ಒಮ್ಮೆ ಕತ್ತು ತಿರುಗಿಸಿ ನೋಡಿತು. ಕಣ್ಣಿಗೆ ಬಿದ್ದದ್ದು ಪಕ್ಕದ ತನ್ನದೇ ಕರು, ಮತ್ತೆ ಮೆಲುಕಿಗೆ ತೊಡಗಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಬೂದು ಕರು ಬಂತು. ಆಚೆ ಮತ್ತೊಂದು ಕೆಂಪು ಹಸುವಿನ ಹಿಂದೆಯೂ ಅದೇ ಆಟ. ನಾವು ನೋಡುತ್ತಿದ್ದಂತೆ ಕೆಂಪು ಕರುವೊಂದು ಬೂದು ಹಸುವಿನ ಹತ್ತಿರ ಹೋಗಿ ಅದೇ ಪ್ರಯತ್ನ ಮಾಡಿತು. ಬೂದು ಹಸು ಹಿಂದೆ ನೋಡದೆಯೇ ಝಾಡಿಸಿ ಒದೆಯಿತು. ಕರು ಪಲ್ಟಿ ಹೊಡೆದು ಎದ್ದು ಓಡಿತು.

ಓದುವಾಗ ಕೇಳಿದ್ದ ವಿಷಯವೇ. ಹಾಲು ಕದಿಯುವ ಕರುಗಳ ಬಗ್ಗೆ ಪಾಠದಲ್ಲಿ ಒಂದು ಸಾಲು ಬರುತ್ತದೆ. ಊರಲ್ಲಿ ಕರುಗಳನ್ನು ಕಟ್ಟಿ ಹಾಕುತ್ತೇವೆ, ಹಾಗಾಗಿ ಕಣ್ಣಾರೆ ನೋಡಿರಲಿಲ್ಲ. ನಾವು ಹತ್ತಿರ ಇದ್ದಾಗ ಅವೆಲ್ಲ ಮೇವಿನ ಆಸೆಗೆ ನಮ್ಮ ಕಡೆ ಮುಖ ಮಾಡಿ ನಿಲ್ಲುತ್ತಿದ್ದವು. ಜನ ಇಲ್ಲದ ಹೊತ್ತಿನಲ್ಲಿ ಊಟ ಬೇರೆ ಕಡೆ ನಡೆಯುತ್ತಿತ್ತು.

"ನನ್ನ ಕೆಂಪು ದನ ಪಾಪದ್ದು ಡಾಕ್ಟ್ರೇ" ಎಂದರು ಮ್ಯಾನೇಜರ್, ಬೈನಾಕ್ಯುಲರ್ ಇಳಿಸದೆ.

ಆ ದಿನ ನಾವೆಲ್ಲ ಟ್ಯಾಂಕರಿನ ನೆರಳಿನಲ್ಲಿ ಪುಳಿಯೋಗರೆ ತಿಂದೆವು. ಆದರೆ ನಮ್ಮ ಜಗಳ ತೀರಿದ್ದೇ ಕಫೀಲರಿಗೆ ಅನುಮಾನಕ್ಕೆ ಕಾರಣವಾಯಿತು. ಮರುದಿನ ಇಬ್ಬರೂ ಒಟ್ಟಿಗೆ ನಿಂತು ವಿಷಯ ಹೇಳಿದಾಗ ಅವರು ನಮ್ಮನ್ನು ಒಬ್ಬರಾದ ಮೇಲೆ ಒಬ್ಬರಂತೆ ನೋಡಿದರು. ನಾನು ಒಂದು ಪದಕ್ಕಾಗಿ ತಡವರಿಸಿ ಮ್ಯಾನೇಜರರನ್ನು ಕನ್ನಡದಲ್ಲಿ ಕೇಳಿದೆ. ಕಫೀಲ್ ತಕ್ಷಣ ಕೈ ಎತ್ತಿದರು.

"ಲಾ, ಲಾ. ನಿಮ್ಮ ಭಾಷೆ ಬೇಡ. ಅರಬಿ ಅಥವಾ ಇಂಗ್ಲಿಷ್. ಒಂದೇ ನಾಡಿನ ಇಬ್ಬರು, ಒಂದೇ ಭಾಷೆ. ಇಷ್ಟು ದಿನ ನೀವು ಜಗಳ ಆಡುತ್ತಿದ್ದಿರಿ, ನಾನು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದೆ. ಈಗ ಒಂದಾಗಿ ಬಂದು ಕರು ಕಳ್ಳತನ ಮಾಡುತ್ತದೆ ಎನ್ನುತ್ತೀರಿ."

ಅವರನ್ನು ಬಯಲಿಗೆ ಕರೆದುಕೊಂಡು ಹೋದೆವು. ಕರುಗಳು ಅಂದು ತಂತಮ್ಮ ತಾಯಂದಿರ ಪಕ್ಕದಲ್ಲಿ ಬಹಳ ಮರ್ಯಾದೆಯಿಂದ ಮಲಗಿದ್ದವು. ಕಫೀಲ್ ಒಂದು ಗಂಟೆ ನಿಂತು, ಗಡಿಯಾರ ನೋಡಿ ಕಾರು ಹತ್ತಿದರು.

ಆಗ ನನಗೆ ಗಾಯಕ್ಕೆ ಹಚ್ಚುವ ನೇರಳೆ ಔಷಧಿ ನೆನಪಾಯಿತು. ಚರ್ಮಕ್ಕೆ ಹತ್ತಿದರೆ ದಿನಗಟ್ಟಲೆ ಹೋಗದ ಬಣ್ಣ. ಬಾಟಲಿಯನ್ನು ಕಫೀಲರ ಕೈಗೇ ಕೊಟ್ಟು, ಹಚ್ಚುವಾಗ ಅವರ ಡ್ರೈವರ್ ಪಕ್ಕದಲ್ಲಿ ನಿಲ್ಲಲಿ ಎಂದೆ. ಕೆಂಪು ಹಸುಗಳ ಹಿಂದಿನ ಮೊಲೆಗಳ ಸುತ್ತ, ತೊಡೆಯ ಸಂದಿನಲ್ಲಿ ತೆಳ್ಳಗೆ ಹಚ್ಚಿದೆವು. ಬೂದು ಹಸುಗಳನ್ನು ಮುಟ್ಟಲಿಲ್ಲ. ಆಮೇಲೆ ಬಾಟಲಿಗೆ ಬಿರಟೆ ಹಾಕಿ ಡ್ರೈವರ್ ತೆಗೆದುಕೊಂಡು ಹೋದ. ಮರುದಿನ ಸಂಜೆ ಕಫೀಲ್ ಬಂದಾಗ ಹಲವು ಬೂದು ಕರುಗಳ ಮೂತಿ, ಹಣೆ, ಕೆಲವುಗಳ ಕಿವಿಯ ತನಕ ನೇರಳೆಯಾಗಿತ್ತು. ಒಂದಂತೂ ಶಾಯಿಯ ದೌತಿಯೊಳಗೆ ತಲೆ ಮುಳುಗಿಸಿ ಬಂದ ಹಾಗಿತ್ತು. ಅವರು ಒಂದು ಕರುವಿನ ಮೂತಿಯನ್ನು ಬೆರಳಿನಿಂದ ಉಜ್ಜಿ ನೋಡಿದರು. ನಂತರ ನನ್ನ ಕಡೆ ತಿರುಗಿ, "ಕೈ ತೋರಿಸಿ" ಎಂದರು. ತೋರಿಸಿದೆ. ನನ್ನ ಉಗುರು ನೇರಳೆಯಾಗಿತ್ತು. ಹಿಂದಿನ ದಿನ ಹಚ್ಚಿದವಳು ನಾನೇ ಅಲ್ಲವೇ, ಆಗದೆ ಇರುತ್ತದೆಯೇ! ಡ್ರೈವರನ್ನು ಕರೆದು ಅರಬಿಯಲ್ಲಿ ಏನೇನೋ ಕೇಳಿದರು. ಬಾಟಲಿ ರಾತ್ರಿಯಿಡೀ ಕಾರಿನಲ್ಲಿತ್ತು ಎಂದು ಅವನು ಆಣೆ ಮಾಡಿದ ಮೇಲೆ ಕಫೀಲ್ ಮೊದಲ ಬಾರಿಗೆ ನಕ್ಕರು. "ಯಲ್ಲಾ, ಬೇಲಿ ಹಾಕಿ" ಎಂದರು.

ನಡುವೆ ಬೇಲಿ ಬಂತು. ಆಗ ಮ್ಯಾನೇಜರಿಗೆ ಹೊಸ ಅನುಮಾನ: ಬೂದು ಹಸುಗಳಿದ್ದ ಕಡೆ ಮೇವು ಹೆಚ್ಚು. ನನಗೂ ಅದು ನ್ಯಾಯವೆನಿಸಿತು. ಎರಡು ವಾರಕ್ಕೊಮ್ಮೆ ಗುಂಪುಗಳ ಜಾಗ ಅದಲುಬದಲು ಮಾಡಿದೆವು, ಗೂಳಿಯನ್ನೂ ಒಂದು ವಾರ ಆ ಕಡೆ, ಒಂದು ವಾರ ಈ ಕಡೆ ಬಿಟ್ಟೆವು. ಹಾಲು ಬಿಡಿಸುವ ಹೊತ್ತಿಗೆ ಕೆಂಪು ಕರುಗಳು ಚೆನ್ನಾಗಿಯೇ ಮುಂದೆ ಬಂದವು. ಆ ದಿನ ಮ್ಯಾನೇಜರ್ ಎಲ್ಲರಿಗೂ ಚಹಾ ಮಾಡಿಕೊಟ್ಟರು. ಪುಟ್ಟ ಡಬ್ಬಿಯಲ್ಲಿ ಉಪ್ಪಿನಕಾಯಿಯೂ ಬಂತು.

ನಾನು ಮಾತ್ರ ಇನ್ನೂ ಉತ್ತರ ಹೇಳಿರಲಿಲ್ಲ. ಬೇಸಿಗೆ ಬಂತು. ಬಯಲು ಸುಟ್ಟು ಹೋಯಿತು. ಹಸುಗಳೆಲ್ಲ ಚಪ್ಪರದ ಕೆಳಗೆ ಒಣಹುಲ್ಲು ತಿಂದುಕೊಂಡು ನಿಂತವು. ಬೂದು ಹಸುಗಳು ಮಧ್ಯಾಹ್ನದ ಬಿಸಿಲಿನಲ್ಲೂ ಎದ್ದು ಹೋಗಿ ತಿನ್ನುತ್ತಿದ್ದವು. ಕೆಂಪು ಹಸುಗಳು ಬಾಯಿ ತೆರೆದು ತೇಕುತ್ತ, ನೀರಿನ ತೊಟ್ಟಿಯ ಹತ್ತಿರವೇ ಬಿದ್ದಿರುತ್ತಿದ್ದವು. ಕರುಗಳಿಗೆ ಅಷ್ಟೊಂದು ಹಾಲು ಕೊಟ್ಟ ಮೈಯಲ್ಲಿ ಏನೂ ಉಳಿದಿರಲಿಲ್ಲ. ಪಕ್ಕೆಲುಬು ಎಣಿಸಬಹುದಾಗಿತ್ತು.

ಸೆಪ್ಟೆಂಬರಿನಲ್ಲಿ ಗಬ್ಬ ಪರೀಕ್ಷೆ ಮಾಡಿದೆ. ಬೂದು ಹಸುಗಳು ಹೆಚ್ಚುಕಡಿಮೆ ಎಲ್ಲವೂ ಗಬ್ಬ ಕಟ್ಟಿದ್ದವು. ಕೆಂಪಿನಲ್ಲಿ ಅರ್ಧದಷ್ಟು ಖಾಲಿ. ಖಾಲಿ ಹಸುಗಳನ್ನು ಇಟ್ಟುಕೊಳ್ಳುವುದಿಲ್ಲ ಎಂದು ಕಫೀಲ್ ಮೊದಲೇ ಹೇಳಿದ್ದರು. ಅವುಗಳನ್ನು ಒಯ್ಯಲು ಲಾರಿ ಬಂದು ನಿಂತಿತ್ತು. ನಾನು ಒಂದೊಂದೇ ಹಸುವನ್ನು ಪರೀಕ್ಷಿಸಿ, ಖಾಲಿ ಎಂದರೆ ಎಡಕ್ಕೆ, ಗಬ್ಬ ಎಂದರೆ ಬಲಕ್ಕೆ ಬಿಡಿಸುತ್ತಿದ್ದೆ. ಎಡಕ್ಕೆ ಬಿಡುವ ಮೊದಲು ಎರಡೆರಡು ಸಲ ಕೈ ಹಾಕಿ ನೋಡುತ್ತಿದ್ದೆ. ಆದರೂ ಬಿಟ್ಟೆ. ತೀರ ಬಡಕಲಾದ ಕೆಂಪು ಹಸುವೊಂದು ಬಂತು. ಕೈ ಹಾಕಿ ನೋಡಿ, "ಗಬ್ಬ. ಬಲಕ್ಕೆ" ಎಂದೆ.

ಮ್ಯಾನೇಜರ್ ಗೇಟು ಹಿಡಿದುಕೊಂಡೇ ನಿಂತರು. "ಇದಾ? ಇದರ ಮೈ ನೋಡಿ. ಇದು ಗಬ್ಬ ಅಂದ್ರೆ ಯಾರು ನಂಬ್ತಾರೆ? ಪಾಪ ಅಂತ ಬಿಡ್ತಾ ಇದ್ದೀರಾ ಡಾಕ್ಟ್ರೇ?"

"ಕೆಂಪು ಹಸು ನಿಮ್ಮದೇ ಅಲ್ವಾ ಸರ್? ಉಳಿದ್ರೆ ನಿಮಗೇ ಖುಷಿ ಆಗ್ಬೇಕು."

"ಖುಷಿ ಬೇರೆ. ಸುಳ್ಳು ಬೇರೆ. ನಾಳೆ ಕಫೀಲ್ ನನ್ನನ್ನೇ ಕೇಳುದು."

ನಾನು ಹೊಸ ಉದ್ದ ಗ್ಲೌಸ್ ಒಂದನ್ನು ತೆಗೆದು ಅವರ ಕೈಗೆ ಕೊಟ್ಟೆ. "ನೀವೇ ನೋಡಿ."

ಅವರು ಅತ್ತಿತ್ತ ನೋಡಿದರು. ಲಾರಿಯವನು ನಗುತ್ತಿದ್ದ. ಅಂಗಿಯ ತೋಳು ಮಡಚಿ, ಗ್ಲೌಸ್ ಏರಿಸಿ, ಮುಖ ಪಕ್ಕಕ್ಕೆ ತಿರುಗಿಸಿಕೊಂಡು ಕೈ ಹಾಕಿದರು. ನಾನು ಪಕ್ಕದಲ್ಲಿ ನಿಂತು ಹೇಳುತ್ತ ಹೋದೆ: ಇನ್ನೂ ಮುಂದೆ, ಕೆಳಕ್ಕೆ, ಒತ್ತಬೇಡಿ, ಕಾಯಿರಿ. ಅವರು ಉಸಿರು ಹಿಡಿದು ನಿಂತರು. ಆಮೇಲೆ ಅವರ ಹುಬ್ಬು ಮೇಲೇರಿತು.

"ಎಂತದೋ ಉಂಟು... ಗಟ್ಟಿ. ಅಯ್ಯೋ, ಅದು ಕಾಲು ಎಳ್ಕೊಂಡಿತು!"

"ಕರು" ಎಂದೆ.

ಅವರು ಕೈ ತೆಗೆದು, ಗ್ಲೌಸ್ ಬಿಚ್ಚಲು ಮರೆತು, ಹಾಗೆಯೇ ಬಲಗಡೆಯ ಗೇಟು ತೆರೆದರು.

ಸಂಜೆ ಕಫೀಲ್ ಬಂದು ನೇರವಾಗಿ ಕೇಳಿದರು: ಯಾವುದು? ಬೂದು ಹಸು ಎಂದೆ. ಅದರ ಕರು ಚಿಕ್ಕದು, ಆದರೆ ಅದು ವರ್ಷ ವರ್ಷ ಕರು ಹಾಕುತ್ತದೆ, ಈ ಬಿಸಿಲಿನಲ್ಲಿ ತನ್ನ ಮೈ ಉಳಿಸಿಕೊಳ್ಳುತ್ತದೆ. ಹಿಂಡಿನಲ್ಲಿರುವ ಅಷ್ಟೂ ಹಸುಗಳನ್ನು ಲೆಕ್ಕಕ್ಕೆ ಹಿಡಿದರೆ ಅದೇ ಹೆಚ್ಚು ಕೊಡುತ್ತದೆ ಎಂದು ವಿವರಿಸಿದೆ. ಕಫೀಲ್ ಮ್ಯಾನೇಜರ್ ಕಡೆ ತಿರುಗಿದರು. ಅವರು ಬೂಟಿನಿಂದ ಮರಳು ಕೆದಕುತ್ತ, ಅರಬಿಯಲ್ಲಿ, ಡಾಕ್ಟರ್ ಹೇಳಿದ್ದು ಸರಿ ಎಂದರು. ಕಫೀಲ್ ಇಬ್ಬರನ್ನೂ ನೋಡಿದರು. "ಮತ್ತೆ ಒಂದಾಗಿದ್ದೀರಿ" ಎಂದರು. "ಇನ್ನೊಂದು ವರ್ಷ ನೋಡೋಣ."

ಹಾಗಾಗಿ ಗಬ್ಬವಾಗಿದ್ದ ಕೆಂಪು ಹಸುಗಳೂ ಉಳಿದವು. ಚಳಿ ಬಂದ ಮೇಲೆ ಒಂದು ಸಂಜೆ ಮ್ಯಾನೇಜರ್ ಫೋನ್ ಮಾಡಿದರು. ಆ ಬಡಕಲು ಹಸು ಕರು ಹಾಕಿತ್ತು.

"ಹೆಣ್ಣು ಕರು ಡಾಕ್ಟ್ರೇ. ಎದ್ದು ನಿಂತು ಹಾಲೂ ಕುಡೀತು. ನಾಳೆ ಬಂದು ನೀವೇ ನೋಡಿ. ಆಮೇಲೆ ನಾನು ಸುಳ್ಳು ಹೇಳಿದ್ದು ಅಂತ ಹೇಳ್ಬೇಡಿ."

"ನಾನ್ಯಾಕೆ ಹಾಗೆ ಹೇಳ್ಲಿ ಸರ್?" ಎಂದೆ.

ಬೆಳಿಗ್ಗೆ ಹೋಗಿ ನೋಡಿದೆ. ಕೆಂಪಗಿತ್ತು, ಹಣೆಯಲ್ಲಿ ಬಿಳಿ ಚುಕ್ಕೆ, ಕಾಲುಗಳು ಇನ್ನೂ ನಡುಗುತ್ತಿದ್ದವು. ಮ್ಯಾನೇಜರ್ ಸ್ವಲ್ಪ ದೂರದಲ್ಲಿ ಕೈಕಟ್ಟಿ ನಿಂತು ನನ್ನನ್ನೇ ನೋಡುತ್ತಿದ್ದರು. ನಾನು ಕರುವಿನ ಬಾಲ ಎತ್ತಿ ನೋಡಿ, ಹೌದು, ಹೆಣ್ಣೇ ಎಂದು ಖಚಿತ ಮಾಡಿಕೊಂಡು, ಅದರ ಕಿವಿಗೆ ಹಿಂಡಿನ ನಂಬರಿನ ಓಲೆ ಹಾಕಿದೆ.